ಟೆಕ್ಸಸ್‌ನ ಶಾಕ್ ಪ್ರೊಬೇಷನ್: ಮೊದಲ 180 ದಿನದಲ್ಲಿ ಬಿಡುಗಡೆ ಕೇಳುವುದು ಹೇಗೆ?

ಟೆಕ್ಸಸ್‌ನಲ್ಲಿ ಒಬ್ಬ ಹುಡುಗನಿಗೆ ಐದು ವರ್ಷ ಶಿಕ್ಷೆ ಆಗಿದೆ ಅಂತಿಟ್ಟುಕೊಳ್ಳಿ. ಅವನನ್ನು ಒಳಗೆ ಕರೆದುಕೊಂಡು ಹೋಗಿಯೂ ಆಯಿತು. ಇನ್ನು ದಿನ ಎಣಿಸುವುದೊಂದೇ ಬಾಕಿ ಅಂತ ಮನೆಯವರು ಕೈಚೆಲ್ಲಿ ಕೂತಿರುತ್ತಾರೆ. ಆದರೆ ಶಿಕ್ಷೆ ಕೊಟ್ಟ ಜಡ್ಜ್ ಕೈಯಲ್ಲಿ ಮೊದಲ 180 ದಿನ ಒಂದು ಅಧಿಕಾರ ಉಳಿದಿರುತ್ತದೆ. ಉಳಿದ ಶಿಕ್ಷೆಯನ್ನು ತಡೆಹಿಡಿದು, ಅವನನ್ನು ಪ್ರೊಬೇಷನ್ ಮೇಲೆ, ಅಂದರೆ ಷರತ್ತು ಹಾಕಿ ನಿಗಾದಲ್ಲಿಟ್ಟು, ಮನೆಗೆ ಕಳಿಸಬಹುದು. ಎಲ್ಲರೂ ಇದನ್ನು ಶಾಕ್ ಪ್ರೊಬೇಷನ್ ಅನ್ನುತ್ತಾರೆ. ಟೆಕ್ಸಸ್ ಕಾನೂನಿನಲ್ಲಿ ಪ್ರೊಬೇಷನ್‌ಗೆ ಇರುವ ಹೆಸರು ಕಮ್ಯುನಿಟಿ ಸೂಪರ್‌ವಿಷನ್. ಅಲ್ಲಿನ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 42ಎ.202ನೇ ವಿಧಿಯಲ್ಲಿ ಈ ಅಧಿಕಾರ ಇದೆ.

ಡಾಲಸ್, ಆಸ್ಟಿನ್, ಹ್ಯೂಸ್ಟನ್ ಸುತ್ತ ಕನ್ನಡದ ಮನೆಗಳು ಜಾಸ್ತಿ. ಕುಡಿದು ಗಾಡಿ ಓಡಿಸಿದ್ದು, ಜಗಳ, ಹಣದ ವ್ಯವಹಾರ, ಡ್ರಗ್ಸ್, ಯಾವುದೋ ಒಂದು ಕೇಸು ಈ ಮನೆಗಳ ಬಾಗಿಲಿಗೂ ಬರಬಹುದು. ಬಂದಾಗ ಊರಿನಿಂದ ಫೋನ್ ಮಾಡುವವರು ಕೇಳುವ ಮೊದಲ ಪ್ರಶ್ನೆ, "ಬೇಲ್ ಸಿಕ್ತಾ?" ಶಿಕ್ಷೆ ಶುರುವಾದ ಮೇಲೆ ಕೇಳುವ ಶಾಕ್ ಪ್ರೊಬೇಷನ್ ಬೇಲ್ ಅಲ್ಲ. ಪರೋಲ್ (ಶಿಕ್ಷೆಯ ಒಂದು ಭಾಗ ಕಳೆದ ಮೇಲೆ ನಿಗಾದಲ್ಲಿ ಬಿಡುವುದು) ಕೂಡ ಅಲ್ಲ. ಪರೋಲ್ ಕೊಡುವುದು ರಾಜ್ಯದ ಪರೋಲ್ ಮಂಡಳಿ, ಇದನ್ನು ಕೊಡುವುದು ಶಿಕ್ಷೆ ವಿಧಿಸಿದ ಕೋರ್ಟೇ. ಅರ್ಜಿ ಯಾರ ಮುಂದೆ ಹೋಗಬೇಕು ಅನ್ನುವುದೇ ಬೇರೆ ಆಗುತ್ತದೆ, ಹಾಗಾಗಿ ಈ ವ್ಯತ್ಯಾಸ ಗೊತ್ತಿರಬೇಕು.

ಈ ಯೋಚನೆ ಮೊದಲು ಕಾನೂನಾಗಿದ್ದು 1965ರಲ್ಲಿ, ಒಹಾಯೋ ರಾಜ್ಯದಲ್ಲಿ. ಮೊದಲ ಸಲ ಜೈಲು ಕಂಡವನಿಗೆ ಕೆಲವು ವಾರದಲ್ಲೇ ಅದರ ಬಿಸಿ ತಟ್ಟುತ್ತದೆ, ಜಾಸ್ತಿ ದಿನ ಇಟ್ಟರೆ ಅಲ್ಲಿಯವರ ಸಹವಾಸದಿಂದ ಕೆಡುತ್ತಾನೆ ಅನ್ನುವುದು ಅದರ ಹಿಂದಿನ ಲೆಕ್ಕ. ಆ ಲೆಕ್ಕ ಎಷ್ಟು ನಿಜವೋ, ಸೌಲಭ್ಯ ಮಾತ್ರ ಇದೆ. ಕೇಳುವ ರೀತಿ ಗೊತ್ತಿದ್ದರೆ ಬಳಸಬಹುದು.

ಮೊದಲು ತೀರ್ಪಿನ ಪ್ರತಿ ಕೈಗೆ ತೆಗೆದುಕೊಳ್ಳಿ

ಕೋರ್ಟ್ ಕ್ಲರ್ಕ್ ಕಚೇರಿಯಿಂದ ತೀರ್ಪಿನ ದೃಢೀಕೃತ ಪ್ರತಿ ತನ್ನಿ. ಯಾರೋ ಬಾಯಲ್ಲಿ ಹೇಳಿದ್ದನ್ನು ನಂಬಿ ಮುಂದೆ ಹೋಗಬೇಡಿ. ಆ ಕಾಗದದಲ್ಲಿ ನಾಲ್ಕು ವಿಷಯ ಹುಡುಕಬೇಕು.

ಒಂದು, ಶಿಕ್ಷೆ ಎಷ್ಟು ವರ್ಷ? ಹತ್ತು ವರ್ಷಕ್ಕಿಂತ ಜಾಸ್ತಿ ಇದ್ದರೆ ಪ್ರೊಬೇಷನ್‌ಗೆ ಅರ್ಹತೆಯೇ ಇಲ್ಲ.

ಎರಡು, ಅಪರಾಧ ಯಾವುದು? ಕೊಲೆ, ಆಯುಧ ತೋರಿಸಿ ದರೋಡೆಯಂಥ ಗಂಭೀರ ದರೋಡೆ, ಗಂಭೀರ ಅಪಹರಣ, ಲೈಂಗಿಕ ದೌರ್ಜನ್ಯ, ಇಂಥವಕ್ಕೆ ಜಡ್ಜ್ ಪ್ರೊಬೇಷನ್ ಕೊಡುವ ಹಾಗಿಲ್ಲ ಅಂತ ಕಾನೂನು ಒಂದು ಪಟ್ಟಿಯನ್ನೇ ಮಾಡಿದೆ. ಇದು 42ಎ.054ನೇ ವಿಧಿಯಲ್ಲಿದೆ. ಹಳೆಯ ಕಾನೂನಿನ ಸೆಕ್ಷನ್ ಸಂಖ್ಯೆಯಿಂದಾಗಿ ವಕೀಲರ ಬಾಯಲ್ಲಿ ಇದು ಇವತ್ತಿಗೂ "ತ್ರೀ ಜಿ" ಪಟ್ಟಿ.

ಮೂರು, "ಮಾರಕ ಆಯುಧ ಬಳಸಲಾಗಿದೆ" ಅನ್ನುವ ಸಾಲು ಎಲ್ಲಾದರೂ ಇದೆಯಾ? ಎಷ್ಟೋ ಜನ ಎಡವುವುದು ಇಲ್ಲೇ. ಅಪರಾಧದ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ, ಆದರೆ ಈ ಒಂದು ಸಾಲಿನಿಂದ ಬಾಗಿಲು ಮುಚ್ಚಿಹೋಗುತ್ತದೆ. ಆಯುಧ ಅಂದರೆ ಬಂದೂಕು, ಚಾಕು ಮಾತ್ರ ಅಲ್ಲ. ಕುಡಿದು ಓಡಿಸಿದ ಕಾರನ್ನೂ ಟೆಕ್ಸಸ್ ಕೋರ್ಟ್‌ಗಳು ಮಾರಕ ಆಯುಧ ಅಂತ ಪರಿಗಣಿಸಿದ್ದುಂಟು.

ನಾಲ್ಕು, ಇದು ಸ್ಟೇಟ್ ಜೈಲ್ ಫೆಲನಿಯಾ (ಫೆಲನಿ ಅಂದರೆ ಗಂಭೀರ ಅಪರಾಧ, ಅದರಲ್ಲಿ ಕೆಳಗಿನ ದರ್ಜೆ ಇದು)? ಹೌದಾದರೆ 42ಎ.202 ಅನ್ವಯಿಸುವುದಿಲ್ಲ, ಅದಕ್ಕೆ ಬೇರೆ ನಿಯಮಗಳಿವೆ. ಕೌಂಟಿ, ಅಂದರೆ ಜಿಲ್ಲಾ ಮಟ್ಟದ ಜೈಲಿನಲ್ಲಿ ಕಳೆಯುವ ಮಿಸ್‌ಡಿಮೀನರ್ (ಸಣ್ಣ ಅಪರಾಧ) ಶಿಕ್ಷೆಯಾದರೆ ಪಕ್ಕದ 42ಎ.201ನೇ ವಿಧಿ ನೋಡಿ. ಅಲ್ಲಿಯೂ 180 ದಿನವೇ.

ತೀರ್ಪಿನಲ್ಲಿ ಕಾಣದ ಇನ್ನೊಂದು ಷರತ್ತಿದೆ. ಈ ಮೊದಲು ಫೆಲನಿ ಶಿಕ್ಷೆಗಾಗಿ ಸೆರೆಮನೆಯಲ್ಲಿ ಇದ್ದಿರಬಾರದು. ಬೇರೆ ರಾಜ್ಯದ ಹಳೆಯ ಕಥೆ ಏನಾದರೂ ಇದ್ದರೆ ವಕೀಲರ ಹತ್ತಿರ ಈಗಲೇ ಹೇಳಿಬಿಡಿ. ಡಿಎ, ಅಂದರೆ ಸರ್ಕಾರದ ಪರ ಕೇಸು ನಡೆಸುವ ಡಿಸ್ಟ್ರಿಕ್ಟ್ ಅಟಾರ್ನಿಯ ಕಚೇರಿ ಅದನ್ನು ಹೇಗೂ ಹುಡುಕುತ್ತದೆ.

180 ದಿನ ಅಂದರೆ ಆರು ತಿಂಗಳಲ್ಲ

ಮಾರ್ಚ್ 1ಕ್ಕೆ ಶಿಕ್ಷೆ ಶುರುವಾಗಿದ್ದರೆ 180ನೇ ದಿನ ಬೀಳುವುದು ಆಗಸ್ಟ್ 28ಕ್ಕೆ. "ಆರು ತಿಂಗಳಿದೆಯಲ್ಲ" ಅಂತ ಸೆಪ್ಟೆಂಬರ್ 1 ಗುರುತು ಹಾಕಿಕೊಂಡವರು ಅಷ್ಟರಲ್ಲಿ ಅವಕಾಶ ಕಳೆದುಕೊಂಡಿರುತ್ತಾರೆ. ಕ್ಯಾಲೆಂಡರ್ ಎದುರಿಗಿಟ್ಟು ಒಂದೊಂದೇ ದಿನ ಎಣಿಸಿ, ಆ ತಾರೀಖನ್ನು ವಕೀಲರಿಂದ ಬರವಣಿಗೆಯಲ್ಲಿ ಖಚಿತ ಮಾಡಿಸಿಕೊಳ್ಳಿ.

ಎಣಿಕೆ ಶುರುವಾಗುವುದು ಬಂಧನದ ದಿನದಿಂದಲ್ಲ, ಶಿಕ್ಷೆ ನಿಜವಾಗಿ ಜಾರಿಗೆ ಬಂದ ದಿನದಿಂದ. ವಿಚಾರಣೆಗೆ ಮೊದಲು ಕೌಂಟಿ ಜೈಲಿನಲ್ಲಿ ಕಳೆದ ತಿಂಗಳುಗಳು ಶಿಕ್ಷೆಯಲ್ಲಿ ಕಳೆದುಹೋಗಬಹುದು, ಆದರೆ ಈ 180ಕ್ಕೆ ಸೇರುವುದಿಲ್ಲ. ಶಿಕ್ಷೆಯಾದ ಮೇಲೆ ರಾಜ್ಯದ ಸೆರೆಮನೆಗೆ ಬಸ್ ಬರಲಿ ಅಂತ ಅದೇ ಕೌಂಟಿ ಜೈಲಿನಲ್ಲಿ ಕಾಯುವ ದಿನಗಳು ಮಾತ್ರ ಸೇರುತ್ತವೆ. "ಇನ್ನೂ ಪ್ರಿಸನ್‌ಗೆ ಹೋಗಿಲ್ಲ, ಲೆಕ್ಕ ಶುರುವಾಗಿಲ್ಲ" ಅಂತ ಸುಮ್ನೆ ಕೂತವರು ಒಂದೂವರೆ ತಿಂಗಳು ಹಾಗೇ ಕಳೆದುಕೊಳ್ಳುತ್ತಾರೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. 180 ದಿನದೊಳಗೆ ಅರ್ಜಿ ಹಾಕಿದರೆ ಸಾಲದು. ಆ ದಿನಗಳು ಮುಗಿಯುವ ಮೊದಲು ಜಡ್ಜ್ ಆದೇಶವನ್ನೇ ಮಾಡಿರಬೇಕು. ಗಡುವು ದಾಟಿದ ಮೇಲೆ ಜಡ್ಜ್‌ಗೆ ಮನಸ್ಸಿದ್ದರೂ ಅಧಿಕಾರ ಇರುವುದಿಲ್ಲ. ಅರ್ಜಿ ಕ್ಲರ್ಕ್ ಕಚೇರಿ ಸೇರಿದೆ ಅನ್ನುವುದು ಒಂದು ವಿಷಯ, ಜಡ್ಜ್ ಮೇಜಿಗೆ ಬಂದಿದೆ ಅನ್ನುವುದೇ ಬೇರೆ ವಿಷಯ. ಹಾಗಾಗಿ ಅರ್ಜಿ ಹಾಕಿದ ಕೂಡಲೇ ವಕೀಲರು ಕೋರ್ಟ್ ಕೋಆರ್ಡಿನೇಟರ್ (ಜಡ್ಜ್‌ನ ತಾರೀಖುಗಳನ್ನು ನೋಡಿಕೊಳ್ಳುವ ಸಿಬ್ಬಂದಿ) ಜೊತೆ ಮಾತಾಡಿ ವಿಚಾರಣೆಯ ತಾರೀಖು ಕೇಳಬೇಕು.

ಇದರ ಜೊತೆ ಸಾಗಾಟದ ತಲೆನೋವು. ಒಳಗಿರುವವರನ್ನು ವಿಚಾರಣೆಗೆ ಕರೆತರಲು ಜಡ್ಜ್ ಬೆಂಚ್ ವಾರಂಟ್ ಹೊರಡಿಸಬೇಕು, ಶೆರಿಫ್ ಕಡೆಯವರು ಹೋಗಿ ಕರೆತರಬೇಕು. ಟೆಕ್ಸಸ್ ಚಿಕ್ಕ ರಾಜ್ಯವೇನಲ್ಲ, ಸೆರೆಮನೆ ಕೋರ್ಟ್‌ನಿಂದ ನೂರಾರು ಮೈಲಿ ದೂರ ಇರಬಹುದು. ಇದೆಲ್ಲ ಲೆಕ್ಕ ಹಾಕಿದರೆ ನನ್ನ ಸಲಹೆ ಇಷ್ಟು: ಮೊದಲ ಎರಡು ವಾರದಲ್ಲಿ ತೀರ್ಪಿನ ಪ್ರತಿ ಮತ್ತು ವಕೀಲರು ಗೊತ್ತಾಗಿರಬೇಕು. ಎರಡು ತಿಂಗಳಾಗುವಷ್ಟರಲ್ಲಿ ಕಾಗದಪತ್ರ ಸಿದ್ಧ ಇರಬೇಕು. ಅರವತ್ತರಿಂದ ತೊಂಬತ್ತನೇ ದಿನದ ಒಳಗೆ ಅರ್ಜಿ ಹೋಗಬೇಕು. ಮೇಲಿನ ಲೆಕ್ಕದಲ್ಲಿ ಹೇಳುವುದಾದರೆ ಜುಲೈ ಮುಗಿಯುವ ಮೊದಲು ವಿಚಾರಣೆ. ಒಂದು ಸಲ ಮುಂದೂಡಿದರೂ ಆಗ ಇನ್ನೂ ಕೆಲವು ವಾರ ಉಳಿದಿರುತ್ತದೆ.

ತೀರಾ ಬೇಗ, ಮೊದಲ ವಾರದಲ್ಲೇ ಹಾಕಿದರೂ ಪ್ರಯೋಜನ ಕಡಿಮೆ. ಕಾನೂನಿನಲ್ಲಿ ಅದಕ್ಕೆ ಅಡ್ಡಿ ಇಲ್ಲ. ಆದರೆ "ಇನ್ನೂ ಏನೂ ಅನುಭವಿಸಿಲ್ಲ, ಆಗಲೇ ಏನು ಬದಲಾದ?" ಅಂತ ಜಡ್ಜ್‌ಗೆ ಅನಿಸುವುದು ಸಹಜ ಅಲ್ವಾ?

ಕೇಸು ಇನ್ನೂ ಮುಗಿದಿಲ್ಲವಾ? ಹಾಗಾದರೆ ಕೆಲಸ ಈಗಲೇ

ಅಮೆರಿಕದಲ್ಲಿ ಹೆಚ್ಚಿನ ಕೇಸುಗಳು ಮುಗಿಯುವುದು ಡಿಎ ಜೊತೆಗಿನ ಪ್ಲೀ ಒಪ್ಪಂದದಲ್ಲಿ, ಅಂದರೆ ಶಿಕ್ಷೆಯ ಬಗ್ಗೆ ಮಾತಾಡಿಕೊಂಡು ತಪ್ಪೊಪ್ಪಿಕೊಳ್ಳುವುದರಲ್ಲಿ. ಶಾಕ್ ಪ್ರೊಬೇಷನ್‌ನ ಅರ್ಧ ಕೆಲಸ ಆಗುವುದು, ಇಲ್ಲವೇ ಕೆಡುವುದು ಆ ಕಾಗದದಲ್ಲೇ. ಸಹಿ ಹಾಕುವ ಮೊದಲು ವಕೀಲರನ್ನು ಕೇಳಿ: ಮಾರಕ ಆಯುಧದ ಸಾಲನ್ನು ಬಿಡಿಸಲು ಆಗುತ್ತದಾ? ಶಾಕ್ ಪ್ರೊಬೇಷನ್ ಕೇಳುವುದಿಲ್ಲ ಅಂತ ಒಪ್ಪಿಕೊಳ್ಳುವ ಸಾಲು ಒಳಗೆಲ್ಲಾದರೂ ಸೇರಿದೆಯಾ? ಅರ್ಜಿ ಬಂದರೆ ವಿರೋಧಿಸುವುದಿಲ್ಲ ಅಂತ ಡಿಎ ಬರೆದು ಕೊಡುತ್ತಾರಾ? ಈ ಜಡ್ಜ್ ಹಿಂದೆ ಇಂಥ ಅರ್ಜಿಗಳನ್ನು ಹೇಗೆ ನೋಡಿದ್ದಾರೆ?

ಕೊನೆಯ ಪ್ರಶ್ನೆಗೆ ವಕೀಲರು ತಡವರಿಸಿದರೆ ಆ ಕೋರ್ಟ್‌ನಲ್ಲಿ ದಿನವೂ ಓಡಾಡುವ ಇನ್ನೊಬ್ಬರನ್ನು ವಿಚಾರಿಸಿ. ಕೆಲವು ಜಡ್ಜ್‌ಗಳು ಕೊಡುತ್ತಾರೆ, ಕೆಲವರು ಕೊಡುವುದೇ ಇಲ್ಲ. "ಆರು ತಿಂಗಳಲ್ಲಿ ಹೊರಗೆ ತರುತ್ತೇನೆ" ಅಂತ ಮಾತು ಕೊಡುವ ವಕೀಲರಿಂದ ದೂರ ಇರಿ. ಯಾರಿಗೂ ಆ ಮಾತು ಕೊಡಲು ಬರುವುದಿಲ್ಲ.

ಮೇಲ್ಮನವಿ ಹಾಕುವ ಯೋಚನೆ ಇದ್ದರೆ ಅದನ್ನೂ ಇಲ್ಲೇ ಮಾತಾಡಿ. ಮೇಲಿನ ಕೋರ್ಟ್‌ಗೆ ದಾಖಲೆ ಹೋದ ಮೇಲೆ ಕೆಳಗಿನ ಕೋರ್ಟ್‌ನ ಕೈ ಕಟ್ಟಿದಂತಾಗುತ್ತದೆ. ಎರಡು ದಾರಿ ಒಂದಕ್ಕೊಂದು ಅಡ್ಡ ಬರಬಹುದು.

ಕೋರ್ಟ್ ನೇಮಿಸಿದ ವಕೀಲರು ಇದ್ದರೆ, ಶಿಕ್ಷೆಯ ನಂತರ ಈ ಅರ್ಜಿಯನ್ನೂ ಅವರೇ ಹಾಕುತ್ತಾರೆ ಅಂದುಕೊಳ್ಳಬೇಡಿ. ಇಮೇಲ್ ಮಾಡಿ ಕೇಳಿ, ಉತ್ತರ ಇಟ್ಟುಕೊಳ್ಳಿ.

ಅರ್ಜಿಯ ಜೊತೆ ಏನೇನು ಹೋಗಬೇಕು

ಅರ್ಜಿ ಎರಡು ಮೂರು ಪುಟ ಇದ್ದರೆ ಸಾಕು. ಅದರ ಪ್ರತಿಯನ್ನು ತಕ್ಷಣ ಡಿಎ ಕಚೇರಿಗೂ ಕೊಡಬೇಕು, ಇದು ಕಾನೂನಿನ ಷರತ್ತು. ಜಡ್ಜ್ ಮನಸ್ಸಿನಲ್ಲಿ ಮೂಡಬೇಕಾದ ಅಭಿಪ್ರಾಯವೂ ಕಾನೂನಿನಲ್ಲೇ ಇದೆ: ಇನ್ನೂ ಒಳಗಿಟ್ಟರೆ ಈ ವ್ಯಕ್ತಿಗೆ ಪ್ರಯೋಜನವಿಲ್ಲ. ನೀವು ಕೊಡುವ ಪ್ರತಿಯೊಂದು ಕಾಗದ ಈ ಒಂದು ಮಾತಿಗೆ ಆಧಾರ ಆಗಬೇಕು. ಕಣ್ಣೀರಿನ ಪತ್ರ ಆಧಾರ ಅಲ್ಲ.

ಆಧಾರ ಅಂದರೆ ಹೊರಗೆ ಬಂದ ದಿನದಿಂದ ನಡೆಯುವ ಜೀವನದ ಯೋಜನೆ. ಎಲ್ಲಿ ಇರುತ್ತಾರೆ? ಆ ಮನೆಯ ಬಾಡಿಗೆ ಕರಾರಿನ ಪ್ರತಿ, ಅಲ್ಲಿ ಇರಲು ಒಪ್ಪಿದವರ ಸಹಿ. ಎಲ್ಲಿ ಕೆಲಸ? ಕಂಪನಿಯ ಲೆಟರ್‌ಹೆಡ್ ಮೇಲೆ ಹುದ್ದೆ, ಸಂಬಳ, ಸೇರುವ ದಿನ. "ಒಳ್ಳೆಯ ಹುಡುಗ, ಕೆಲಸ ಕೊಡಬಹುದು" ಅಂತ ಬರೆದರೆ ಅದರಿಂದ ಏನೂ ಆಗುವುದಿಲ್ಲ. ಕುಡಿತ ಅಥವಾ ಡ್ರಗ್ಸ್ ಕೇಸಾದರೆ ಚಿಕಿತ್ಸಾ ಕೇಂದ್ರದಲ್ಲಿ ಜಾಗ ಕಾದಿರಿಸಿದ ಪತ್ರ, ಖರ್ಚು ಯಾರು ಕೊಡುತ್ತಾರೆ ಅನ್ನುವ ವಿವರ. ಯಾರಿಗಾದರೂ ಹಣದ ನಷ್ಟ ಆಗಿದ್ದರೆ ಈಗಾಗಲೇ ಎಷ್ಟು ಕಟ್ಟಿದ್ದೀರಿ, ಉಳಿದದ್ದು ತಿಂಗಳಿಗೆ ಎಷ್ಟು. ಇದನ್ನೆಲ್ಲ ನೋಡಿದಾಗ ಕಳಿಸಿಕೊಡುವುದು ಜಡ್ಜ್‌ಗೆ ಸುಲಭವಾಗುತ್ತದೆ.

ಪತ್ರಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನಮ್ಮವರು ಕನ್ನಡ ಸಂಘ, ದೇವಸ್ಥಾನ, ಆಫೀಸು ಅಂತ ಓಡಾಡಿ ಐವತ್ತು ಪತ್ರ ಸೇರಿಸುತ್ತಾರೆ. ಐವತ್ತರಲ್ಲೂ ಒಂದೇ ವಾಕ್ಯ, ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿದ್ದು. ಅದರ ಬದಲು ಆರು ಪತ್ರ ಸಾಕು. ಬರೆದವರು ಅವನನ್ನು ಎಷ್ಟು ವರ್ಷದಿಂದ ಬಲ್ಲರು, ಅವನು ಏನು ತಪ್ಪು ಮಾಡಿದ ಅಂತ ಅವರಿಗೆ ಗೊತ್ತಿದೆ, ಹೊರಬಂದ ಮೇಲೆ ತಾವು ಏನು ಮಾಡುತ್ತಾರೆ, ಈ ಮೂರು ಇರಲಿ. "ಪ್ರತಿ ಸೋಮವಾರ ನಾನೇ ಕಾರಿನಲ್ಲಿ ಪ್ರೊಬೇಷನ್ ಆಫೀಸಿಗೆ ಬಿಡುತ್ತೇನೆ" ಅನ್ನುವ ಪಕ್ಕದ ಮನೆಯ ಅಂಕಲ್ ಪತ್ರಕ್ಕೆ, ಪದವಿಗಳ ಉದ್ದ ಪಟ್ಟಿ ಇರುವ ದೊಡ್ಡವರ ಪತ್ರಕ್ಕಿಂತ ತೂಕ ಹೆಚ್ಚು.

"ಅವನು ಏನೂ ಮಾಡಿಲ್ಲ, ಸಿಕ್ಕಿಸಿದ್ದಾರೆ" ಅಂತ ಯಾರಾದರೂ ಬರೆದರೆ ಆ ಪತ್ರ ತೆಗೆದು ಪಕ್ಕಕ್ಕಿಡಿ. ತಪ್ಪನ್ನು ಒಪ್ಪಿಕೊಳ್ಳದ ಮನೆಗೆ ಕಳಿಸಲು ಯಾವ ಜಡ್ಜ್ ಕೂಡ ಹಿಂದೆಮುಂದೆ ನೋಡುತ್ತಾರೆ. ಊರಿನಲ್ಲಿರುವ ಅಮ್ಮ ಕನ್ನಡದಲ್ಲೇ ಬರೆಯಲಿ, ಅದು ಸರಿ. ಮೂಲದ ಜೊತೆ ಇಂಗ್ಲಿಷ್ ಅನುವಾದ, ಅನುವಾದ ಸರಿಯಾಗಿದೆ ಅಂತ ಅನುವಾದಕರ ಸಹಿ ಇರುವ ಹೇಳಿಕೆ ಇಡಿ. ಯಾವುದನ್ನೂ ನೇರವಾಗಿ ಜಡ್ಜ್‌ಗೆ ಪೋಸ್ಟ್ ಮಾಡಬೇಡಿ. ಎಲ್ಲವೂ ವಕೀಲರ ಮೂಲಕವೇ ಹೋಗಲಿ.

ಒಳಗಿರುವವರ ಪಾಲು

ಜಡ್ಜ್ ಬೇಕೆಂದರೆ ಜೈಲಿನ ನಡವಳಿಕೆಯ ದಾಖಲೆ ತರಿಸಿಕೊಳ್ಳಬಹುದು. ಒಂದೇ ಒಂದು ಜಗಳ, ಅಡಗಿಸಿಟ್ಟ ಒಂದು ಫೋನ್, ಇಷ್ಟಕ್ಕೇ ಅರ್ಜಿ ಬಿದ್ದುಹೋಗಬಹುದು. ಹೊಸದಾಗಿ ಬಂದವರಿಗೆ ಕೋರ್ಸ್‌ಗಳು ಬೇಗ ಸಿಗುವುದಿಲ್ಲ, ಅದಕ್ಕೆ ಕೊರಗಬೇಕಾಗಿಲ್ಲ. ಹೆಸರು ಬರೆಸಿದ ಚೀಟಿ, ಕೆಲಸಕ್ಕೆ ಹಾಕಿದ ದಾಖಲೆ, ಕುಡಿತ ಬಿಡುವವರ ಸಭೆಗೆ ಹೋದ ಪಟ್ಟಿ, ಸಿಕ್ಕಿದ್ದನ್ನೆಲ್ಲ ಇಟ್ಟುಕೊಳ್ಳಲಿ. ಫೋನಿನಲ್ಲಿ ಕೇಸಿನ ಮಾತು ಬೇಡ. ಆ ಕರೆಗಳು ರೆಕಾರ್ಡ್ ಆಗುತ್ತವೆ, ಡಿಎಗೆ ಸಿಗುತ್ತವೆ.

ವಿಚಾರಣೆಯ ದಿನ

ಅರ್ಜಿಯನ್ನು ವಿಚಾರಣೆ ಇಲ್ಲದೆ ತಳ್ಳಿಹಾಕಬಹುದು. ವಿಚಾರಣೆ ಇಲ್ಲದೆ ಒಪ್ಪಲು ಮಾತ್ರ ಬರುವುದಿಲ್ಲ, ಡಿಎಗೂ ಮಾತಾಡಲು ಅವಕಾಶ ಕೊಡಲೇಬೇಕು. ಹಾಗಾಗಿ ತಾರೀಖು ಸಿಕ್ಕಿತು ಅಂದರೆ ಒಂದು ಮೆಟ್ಟಿಲು ಹತ್ತಿದ ಹಾಗೆ.

ಮನೆಯಿಂದ ಒಬ್ಬರು, ಕೆಲಸ ಕೊಡುವವರು ಒಬ್ಬರು ಸಾಕ್ಷಿ ಹೇಳಲು ತಯಾರಿರಲಿ. ಡಿಎ ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ: "ಹಿಂದೆಯೂ ನೀವು ಇದೇ ಮನೆಯಲ್ಲಿದ್ದಿರಿ. ಆಗ ತಡೆಯಲಾಗಲಿಲ್ಲ, ಈಗ ಹೇಗೆ ತಡೆಯುತ್ತೀರಿ?" ಇದಕ್ಕೆ ಉತ್ತರ ಮೊದಲೇ ಯೋಚಿಸಿಟ್ಟುಕೊಳ್ಳಿ. ಕಾರಿನ ಕೀಲಿ ಯಾರ ಹತ್ತಿರ, ಮನೆಯಲ್ಲಿ ಬಾಟಲಿ ಇಡುತ್ತೀರಾ ಇಲ್ಲವಾ, ಹಾಗೆ ನೇರವಾಗಿ ಹೇಳಿ. ಇಂಗ್ಲಿಷ್ ತಡವರಿಸುವ ಅಪ್ಪ ಅಮ್ಮ ಸಾಕ್ಷಿ ಹೇಳುವುದಾದರೆ ಕನ್ನಡ ದುಭಾಷಿ ಬೇಕು ಅಂತ ವಕೀಲರ ಮೂಲಕ ಬಹಳ ಮೊದಲೇ ಕೇಳಿ. ಕನ್ನಡದವರು ಅಲ್ಲಿ ಸ್ಪ್ಯಾನಿಷ್‌ನವರ ಹಾಗೆ ಕೋರ್ಟ್‌ನಲ್ಲೇ ಸಿಗುವುದಿಲ್ಲ.

ವೀಸಾ, ಗ್ರೀನ್ ಕಾರ್ಡ್ ಇರುವವರು ಇದನ್ನು ಎರಡು ಸಲ ಓದಿ

"ಪ್ರೊಬೇಷನ್ ಸಿಕ್ಕಿತಲ್ಲ, ಇನ್ನು ಇಮಿಗ್ರೇಷನ್ ತೊಂದರೆ ಇಲ್ಲ" ಅನ್ನುವುದು ತಪ್ಪು ತಿಳಿವಳಿಕೆ. ಅಮೆರಿಕದ ವಲಸೆ ಕಾನೂನು, ತಡೆಹಿಡಿದ ಶಿಕ್ಷೆಯನ್ನೂ ಪೂರ್ತಿ ಶಿಕ್ಷೆ ಅಂತಲೇ ಎಣಿಸುತ್ತದೆ. ಐದು ವರ್ಷದ ಶಿಕ್ಷೆಯಲ್ಲಿ ನಾಲ್ಕು ತಿಂಗಳು ಮಾತ್ರ ಒಳಗಿದ್ದರೂ ಅವರ ಲೆಕ್ಕದಲ್ಲಿ ಐದು ವರ್ಷವೇ. ಕಳ್ಳತನ ಅಥವಾ ಹಿಂಸೆಯ ಅಪರಾಧಕ್ಕೆ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇದ್ದರೆ ಅದು ಗಡೀಪಾರಿನ ಅತಿ ಕಠಿಣ ವರ್ಗಕ್ಕೆ ಸೇರುತ್ತದೆ. ಗ್ರೀನ್ ಕಾರ್ಡ್ ಇದ್ದರೂ ಉಳಿಯುವುದು ಕಷ್ಟ.

ಇನ್ನೂ ಒಂದು ಸೂಕ್ಷ್ಮ ಇದೆ. ವಲಸೆ ಇಲಾಖೆ ಜೈಲಿಗೆ "ಬಿಡುವ ಮೊದಲು ನಮಗೆ ಒಪ್ಪಿಸಿ" ಅಂತ ನೋಟಿಸ್ ಕೊಟ್ಟಿರಬಹುದು. ಹಾಗಿದ್ದಾಗ ಜಡ್ಜ್ ಬಿಟ್ಟರೂ ವ್ಯಕ್ತಿ ಮನೆಗೆ ಬರದೆ ನೇರ ವಲಸೆ ಬಂಧನಕ್ಕೆ ಹೋಗುತ್ತಾರೆ. ಅರ್ಜಿ ಹಾಕುವ ಮೊದಲೇ ಈ ನೋಟಿಸ್ ಇದೆಯಾ ಅಂತ ತಿಳಿದುಕೊಳ್ಳಿ. ಎಚ್-1ಬಿ ಮೇಲಿದ್ದವರ ವೀಸಾ ಸ್ಥಿತಿ ಅಷ್ಟರಲ್ಲಿ ಹೋಗಿದ್ದರೆ ಕಂಪನಿಯ ಪತ್ರಕ್ಕೂ ಅರ್ಥ ಇಲ್ಲ, ಕೆಲಸ ಮಾಡುವ ಹಕ್ಕೇ ಇಲ್ಲವಲ್ಲ. ಅದನ್ನು ಡಿಎ ಎತ್ತಿ ತೋರಿಸುತ್ತಾರೆ.

ಇಲ್ಲಿ ಕ್ರಿಮಿನಲ್ ವಕೀಲರೊಬ್ಬರೇ ಸಾಲದು, ವಲಸೆ ವಕೀಲರೂ ಬೇಕು. ತಪ್ಪೊಪ್ಪಿಕೊಳ್ಳುವುದರಿಂದ ಗಡೀಪಾರು ಆಗುವ ಸಾಧ್ಯತೆ ಇದ್ದರೆ ಅದನ್ನು ಹೇಳುವುದು ವಕೀಲರ ಕರ್ತವ್ಯ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2010ರಲ್ಲಿ, ಪಡಿಲ್ಲಾ ವಿರುದ್ಧ ಕೆಂಟಕಿ ಪ್ರಕರಣದಲ್ಲಿ ಹೇಳಿದೆ. ನಿಮ್ಮ ವಕೀಲರು ಹೇಳಿರದಿದ್ದರೆ ಆ ವಿಷಯವನ್ನೇ ಬೇರೆ ವಕೀಲರ ಹತ್ತಿರ ಪ್ರಸ್ತಾಪಿಸಿ. ಹ್ಯೂಸ್ಟನ್‌ನಲ್ಲಿರುವ ಭಾರತದ ಕಾನ್ಸುಲೇಟ್‌ಗೂ ತಿಳಿಸಬಹುದು. ಅವರು ಬಂದು ನೋಡಬಹುದು, ಪಾಸ್‌ಪೋರ್ಟ್, ದಾಖಲೆ ದೃಢೀಕರಣಕ್ಕೆ ನೆರವಾಗಬಹುದು. ಕೋರ್ಟ್ ತೀರ್ಮಾನದಲ್ಲಿ ಕೈಹಾಕಲು ಅವರಿಗೆ ಬರುವುದಿಲ್ಲ.

ಹೊರಗೆ ಬಂದ ಮೇಲೆ

ಫೆಲನಿ ಕೇಸಿನಲ್ಲಿ ಪ್ರೊಬೇಷನ್ ಹತ್ತು ವರ್ಷದವರೆಗೂ ಇರಬಹುದು. ಮೂರನೇ ದರ್ಜೆಯ ಕೆಲವು ಆಸ್ತಿ ಮತ್ತು ಡ್ರಗ್ಸ್ ಕೇಸುಗಳಿಗೆ ಐದು ವರ್ಷದ ಮಿತಿ ಇದೆ. ಆಫೀಸರ್ ಮುಂದೆ ಹಾಜರಿ, ಮೂತ್ರ ಪರೀಕ್ಷೆ, ಸಮಾಜ ಸೇವೆಯ ಗಂಟೆಗಳು, ತಿಂಗಳ ಶುಲ್ಕ, ಕುಡಿದು ಓಡಿಸಿದ ಕೇಸಾದರೆ ಉಸಿರು ಊದಿದರೆ ಮಾತ್ರ ಶುರುವಾಗುವ ಕಾರು. ಅನುಮತಿ ಇಲ್ಲದೆ ಹೊರಗೆಲ್ಲೂ ಹೋಗುವ ಹಾಗಿಲ್ಲ. ತಂಗಿಯ ಮದುವೆಗೆ ಬೆಂಗಳೂರಿಗೆ ಹೋಗಬೇಕೆಂದರೆ ಕೋರ್ಟ್ ಒಪ್ಪಬೇಕು. ಪೌರತ್ವ ಇಲ್ಲದವರು ಕೋರ್ಟ್ ಒಪ್ಪಿದರೂ ವಲಸೆ ವಕೀಲರನ್ನು ಕೇಳದೆ ವಿಮಾನ ಹತ್ತಬಾರದು, ವಾಪಸ್ ಬರುವಾಗ ಗಡಿಯಲ್ಲೇ ತಡೆಯಬಹುದು. ಅಣ್ಣನ ಮನೆ ನ್ಯೂಜೆರ್ಸಿಯಲ್ಲಿದೆ, ಅಲ್ಲಿಗೆ ಹೋಗಿ ಇರುತ್ತೇನೆ ಅಂದರೆ ರಾಜ್ಯಗಳ ನಡುವಿನ ಒಪ್ಪಂದದ ಮೂಲಕ ವರ್ಗಾವಣೆ ಕೇಳಬೇಕು, ಆ ರಾಜ್ಯ ಒಪ್ಪುವ ತನಕ ಕಾಯಬೇಕು.

ಷರತ್ತು ಮುರಿದರೆ ಜಡ್ಜ್ ಮೂಲ ಶಿಕ್ಷೆಯನ್ನೇ ಮತ್ತೆ ಜಾರಿ ಮಾಡಬಹುದು. ಪ್ರೊಬೇಷನ್‌ನಲ್ಲಿ ಕಳೆದ ವರ್ಷಗಳು ಶಿಕ್ಷೆಯಲ್ಲಿ ಕಳೆಯುವುದಿಲ್ಲ. ನಾಲ್ಕು ವರ್ಷ ಸರಿಯಾಗಿದ್ದು ಐದನೇ ವರ್ಷ ಎಡವಿದರೂ ಆ ನಾಲ್ಕು ವರ್ಷ ಲೆಕ್ಕಕ್ಕಿಲ್ಲ.

ಹಾಗಾಗಿ ಎಲ್ಲರಿಗೂ ಇದು ಒಳ್ಳೆಯ ಆಯ್ಕೆ ಅಂತ ನಾನು ಹೇಳಲಾರೆ. ಶಿಕ್ಷೆ ಎರಡೇ ವರ್ಷ ಇದ್ದು, ಅಪರಾಧ ಆ ಗಂಭೀರ ಪಟ್ಟಿಯಲ್ಲಿ ಇಲ್ಲದಿದ್ದರೆ, ಒಳಗಿದ್ದ ದಿನ ಮತ್ತು ಒಳ್ಳೆಯ ನಡತೆಗೆ ಸಿಗುವ ದಿನ ಸೇರಿ ಶಿಕ್ಷೆಯ ಕಾಲುಭಾಗ ಆದಾಗ ಪರೋಲ್ ಪರಿಶೀಲನೆಗೆ ಅರ್ಹತೆ ಬರುತ್ತದೆ. ಕುಡಿತ ಬಿಡಲಾಗದವರಿಗೆ ಎಂಟು ವರ್ಷದ ಪ್ರೊಬೇಷನ್‌ಗಿಂತ ಅದೇ ಮೇಲಾಗಬಹುದು. ಈ ಲೆಕ್ಕವನ್ನು ಒಳಗಿರುವವರೇ ಮಾಡಬೇಕು, ಮನೆಯವರ ಮರ್ಯಾದೆಗಾಗಿ ಅಲ್ಲ.

ಸರಿಯಾಗಿ ನಡೆದುಕೊಂಡರೆ ಮೂರನೇ ಒಂದು ಭಾಗ ಅಥವಾ ಎರಡು ವರ್ಷ, ಯಾವುದು ಕಡಿಮೆಯೋ ಅದು ಮುಗಿದ ಮೇಲೆ ಪ್ರೊಬೇಷನ್ ಬೇಗ ಮುಗಿಸಿ ಅಂತ ಕೇಳಬಹುದು. ಕುಡಿದು ಓಡಿಸಿದ ಕೇಸುಗಳಿಗೆ ಈ ಸೌಲಭ್ಯ ಇಲ್ಲ.

ಬೇರೆ ರಾಜ್ಯದಲ್ಲಿದ್ದರೆ

ಕೆಂಟಕಿಯಲ್ಲೂ ಶಾಕ್ ಪ್ರೊಬೇಷನ್ ಇದೆ, ಆದರೆ ಲೆಕ್ಕ ಬೇರೆ. ಅಲ್ಲಿ 30 ದಿನಕ್ಕೆ ಮೊದಲು ಅರ್ಜಿ ಹಾಕುವ ಹಾಗಿಲ್ಲ, 180 ದಿನ ದಾಟಿಸುವ ಹಾಗೂ ಇಲ್ಲ. ಹಾಕಿದ 60 ದಿನದೊಳಗೆ ಕೋರ್ಟ್ ಅದನ್ನು ಪರಿಗಣಿಸಬೇಕು, ಆಮೇಲೆ 10 ದಿನದಲ್ಲಿ ಆದೇಶ. ಒಹಾಯೋದಲ್ಲಿ ಹಳೆಯ ಪದ್ಧತಿ ಹೋಗಿ ಜುಡಿಷಿಯಲ್ ರಿಲೀಸ್ (ಕೋರ್ಟೇ ಅವಧಿಗೆ ಮೊದಲು ಬಿಡುವ ಪದ್ಧತಿ) ಬಂದಿದೆ.

ನ್ಯೂಯಾರ್ಕ್ ದಾರಿಯೇ ಬೇರೆ. ಅಲ್ಲಿ 1987ರಲ್ಲಿ ಶುರುವಾದ ಶಾಕ್ ಇನ್‌ಕಾರ್ಸರೇಷನ್ ಮಿಲಿಟರಿ ತರಬೇತಿಯ ಹಾಗಿರುವ ಆರು ತಿಂಗಳ ಶಿಬಿರ. ಬೆಳಗಿನ ಜಾವದ ಕಸರತ್ತು, ದುಡಿಮೆ, ಪಾಠ, ವ್ಯಸನ ಬಿಡಿಸುವ ತರಗತಿ ಎಲ್ಲ ಇರುತ್ತದೆ. ಮುಗಿಸಿದವರು ಪರೋಲ್ ನಿಗಾದಲ್ಲಿ ಶಿಕ್ಷೆಗಿಂತ ಮೊದಲೇ ಹೊರಬರುತ್ತಾರೆ. ಮಧ್ಯದಲ್ಲಿ ಬಿಟ್ಟರೆ ಸಾಮಾನ್ಯ ಸೆರೆಮನೆಗೆ ವಾಪಸ್. ಅಲ್ಲಿ ಸೇರಿಸಿಕೊಳ್ಳಿ ಅಂತ ಹಕ್ಕಿನಿಂದ ಕೇಳಲು ಬರುವುದಿಲ್ಲ, ಕಾನೂನೇ ಹಾಗೆ ಹೇಳುತ್ತದೆ. ಫೆಡರಲ್ ಸರ್ಕಾರ ಇಂಥದ್ದೇ ಶಿಬಿರಗಳನ್ನು 2005ರಲ್ಲಿ ನಿಲ್ಲಿಸಿತು, ಹಾಗಾಗಿ ಫೆಡರಲ್ ಕೇಸಿನವರಿಗೆ ಈ ದಾರಿ ಇಲ್ಲ.

ಅರ್ಜಿ ತಿರಸ್ಕಾರವಾದರೆ

ಟೆಕ್ಸಸ್‌ನಲ್ಲಿ ಈ ನಿರಾಕರಣೆಯ ಮೇಲೆ ಮೇಲ್ಮನವಿ ಇಲ್ಲ. ಆದರೆ ಸೇರಿಸಿದ ಕಾಗದಗಳನ್ನು ಎಸೆಯಬೇಡಿ. ಮನೆಯ ಒಪ್ಪಿಗೆ, ಕೆಲಸದ ಪತ್ರ, ಚಿಕಿತ್ಸೆಯ ಜಾಗ, ಪರೋಲ್ ಮಂಡಳಿಗೂ ಬೇಕಾದ್ದು ಇವೇ. ತಾರೀಖುಗಳನ್ನು ಹೊಸದು ಮಾಡಿಸಿ, ಪರೋಲ್ ಪರಿಶೀಲನೆ ಯಾವ ತಿಂಗಳಲ್ಲಿ ಬರುತ್ತದೆ ಅಂತ ತಿಳಿದುಕೊಂಡು, ಅದಕ್ಕೆ ಕೆಲವು ತಿಂಗಳು ಮೊದಲೇ ಕಡತವನ್ನು ಅವರಿಗೆ ತಲುಪಿಸಿ.